ಗಾಂಧಾರಿಯ ತಟ್ಟೆ, ಡೊಂಬಿವಲಿಯ ಮುಳ್ಳು

ಹೋದ ವರ್ಷ ಚೌತಿಗೆ ಹುಬ್ಬಳ್ಳಿಗೆ ಹೋದಾಗ ಹಳೆಯ ಮನೆ ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ಡೊಂಬಿವಲಿಗೆ ಕರೆತಂದಿದ್ದೆ. ಮನೆ ಬೀಗ ಹಾಕಿಯೇ ಇತ್ತು. ಅಟ್ಟದ ಮೇಲೆ ಅಜ್ಜನ ತಗಡಿನ ಟ್ರಂಕು. ಅಜ್ಜ ಹುಬ್ಬಳ್ಳಿಯ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಟ್ರಂಕಿನೊಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಗ್ರಾಮೋಫೋನ್ ತಟ್ಟೆಗಳು, ಅಪ್ಪನ ಬಾಯಲ್ಲಿ 'ಪ್ಲೇಟು'. ಒಟ್ಟು ನಲವತ್ತೊಂದು, ಅದರಲ್ಲಿ ಒಂಬತ್ತು ಒಡೆದಿದ್ದವು. ಅವುಗಳ ಕೆಳಗೆ ಅಪ್ಪ ನೌಕರಿಗೆ ಸೇರಿದ ಮೇಲೆ ಕೊಂಡ ಹದಿನಾಲ್ಕು ಎಲ್‌ಪಿಗಳು.

ಒಡೆಯದೆ ಉಳಿದ ಒಂದು ಪ್ಲೇಟಿನ ಮೇಲೆ ನಾಯಿ ಮತ್ತು ತುತ್ತೂರಿಯ ಚಿತ್ರ. ಹಾಡಿದವರ ಹೆಸರು: ಗಾಂಧಾರಿ, ಹುಬ್ಬಳ್ಳಿ.

ಡೊಂಬಿವಲಿಗೆ ತಂದು ಅದನ್ನು ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ಕೈಯಲ್ಲಿ ಹಿಡಿದು ಕೂತರು. ಆಮೇಲೆ ಹೇಳಿದರು: "ಇದು ಗಂಗೂಬಾಯಿ ದನಿ ಅಂತ ನಮ್ಮವ್ವ ಹೇಳ್ತಿದ್ಲು. ನಾ ನಂಬಲಿಲ್ಲ. ರೇಡಿಯೋದಾಗ ಗಂಗೂಬಾಯಿ ದನಿ ಕೇಳಿದ್ದೆ, ಗಂಡಸರ ದನಿ ಇದ್ಧಾಂಗ ಇತ್ತು. ಇದರಾಗ ಯಾವುದೋ ಸಣ್ಣ ಹುಡುಗಿ ಹಾಡ್ತಾಳ. 'ನಿನಗೇನ ತಿಳಿತದ, ಸಾಲಿ ಕಲಿತಿಲ್ಲ' ಅಂತ ಅಂದುಬಿಟ್ಟೆ. ಅವತ್ತಿನಿಂದ ಅವ್ವ ನನ್ನ ಮುಂದ ಹಾಡಿನ ಮಾತು ಎತ್ತಲಿಲ್ಲ ನೋಡು."

ಅಪ್ಪನಿಗೆ ಆಗ ಹನ್ನೊಂದು ವರ್ಷ. ಈಗ ಎಪ್ಪತ್ತಾರು. ಅಜ್ಜನ ಗ್ರಾಮೋಫೋನನ್ನು ಯಾವತ್ತೋ ಮಾರಿದ್ದಾಗಿತ್ತು. ಆ ಪ್ಲೇಟು ಅರವತ್ತು ವರ್ಷದಿಂದ ಮಾತಾಡಿಲ್ಲ.

"ಇದನ್ನ ಒಮ್ಮೆ ಕೇಳಬಹುದೇನು, ತಮ್ಮಾ?" ಎಂದರು ಅಪ್ಪ. ಈ ಲೇಖನ ಶುರುವಾದದ್ದು ಅಲ್ಲಿಂದ.

*

ಐರೋಲಿಯ ನಮ್ಮ ಆಫೀಸಿನಲ್ಲಿ ರೆಕಾರ್ಡಿನ ಹುಚ್ಚಿರುವ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಸಲಹೆಯಂತೆ ಹಳೆಯ ಜಪಾನಿ ಟರ್ನ್‌ಟೇಬಲ್ ಒಂದನ್ನು ಕೊಂಡೆ. 33⅓, 45, 78, ಮೂರೂ ವೇಗ ಅದರಲ್ಲಿದ್ದವು. ಆದರೆ ಕಾರ್ಟ್ರಿಜ್ ಇರಲಿಲ್ಲ. ಟೋನ್ ಆರ್ಮಿನ ತುದಿಯಲ್ಲಿ ಕೂತು, ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಹೆಬ್ಬೆರಳ ಗಾತ್ರದ ಭಾಗ ಅದು. "ಅಪ್ಪನಿಗೋಸ್ಕರ ಅಂದರೆ ಮೂವಿಂಗ್ ಕಾಯಿಲ್ ತೊಗೋ, ಉಳಿದದ್ದೆಲ್ಲ ಆಟಿಕೆ" ಎಂದರು ಅವರು. ನಾನೂ ಹಾಗೇ ನಂಬಿದೆ. ಯಾವ ಮೂವಿಂಗ್ ಕಾಯಿಲ್ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಬೇರೆಯೇ ಚರಿತ್ರೆ. ಅದರಲ್ಲಿ ನಮ್ಮ ಧಾರವಾಡ ಸೀಮೆಯ ದನಿಗಳಿದ್ದವು, ಅವು ಏರಿ ಹೋದ ಮುಂಬಯಿ ರೈಲಿತ್ತು.

ಮೊದಲು ಪ್ಲೇಟಿನ ಕಥೆ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ; ಚಪ್ಪಟೆ ತಟ್ಟೆಯ ಗ್ರಾಮೋಫೋನಿಗೆ ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಮೊದಲಾದವರ ಹಾಡನ್ನು ಮುದ್ರಿಸಿಕೊಂಡ. ಹಾಡಿನ ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳಿಕೊಂಡಿದ್ದಾರೆ. ತಟ್ಟೆ ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರಿನಲ್ಲಿತ್ತು. ಅಲ್ಲಿಯವರಿಗೆ ಯಾವ ತಟ್ಟೆ ಯಾರದೆಂದು ಗೊತ್ತಾಗಲಿ ಎಂದು ಹಾಗೆ ಹೇಳಿಸುತ್ತಿದ್ದರಂತೆ.

ತಟ್ಟೆಗೆ ಬೇಕಾದ ಮುಖ್ಯ ವಸ್ತು ಮಾತ್ರ ಇಲ್ಲಿಂದಲೇ ಹೋಗುತ್ತಿತ್ತು: ಅರಗು. ಛೋಟಾ ನಾಗಪುರದ ಕಾಡುಗಳಲ್ಲಿ ಅರಗಿನ ಹುಳ ಮರದ ಕೊಂಬೆಗೆ ಕಟ್ಟುವ ರಾಳ ಅದು. ಶುದ್ಧ ಮಾಡಿದರೆ ಶೆಲ್ಯಾಕ್. 78ರ ತಟ್ಟೆಯಲ್ಲಿ ಶೆಲ್ಯಾಕ್ ಇರುವುದು ಸ್ವಲ್ಪವೇ, ಹೆಚ್ಚಿನ ಪಾಲು ಕಲ್ಲಿನ ಪುಡಿ. ಬಣ್ಣಕ್ಕೆ ಕಾಡಿಗೆ. ಆ ಕಲ್ಲಿನ ಪುಡಿಗೆ ಒಂದು ಕೆಲಸವಿತ್ತು. ಉಕ್ಕಿನ ಪಿನ್ನನ್ನು ಅದು ಮೊದಲ ಕೆಲವು ಸುತ್ತಿನಲ್ಲೇ ಸವೆಸಿ ಗೆರೆಯ ಆಕಾರಕ್ಕೆ ತರುತ್ತಿತ್ತು. ಅದಕ್ಕೇ ಒಂದು ಮಗ್ಗುಲಿಗೆ ಒಂದು ಪಿನ್ನು ಎಂಬ ನಿಯಮ. ಅಜ್ಜ ಆ ನಿಯಮವನ್ನು ಪಾಲಿಸಿರಲಿಲ್ಲ. ಟ್ರಂಕಿನಲ್ಲಿ ಸಿಕ್ಕ ಪಿನ್ನಿನ ಡಬ್ಬಿಯಲ್ಲಿದ್ದವೆಲ್ಲ ಮೊಂಡಾದ ಪಿನ್ನುಗಳೇ. ಬಳಸಿದ್ದನ್ನೇ ಮತ್ತೆ ಬಳಸಲು ಎತ್ತಿಟ್ಟಿದ್ದರು. ಹಳೆಯ ಗ್ರಾಮೋಫೋನಿನ ಸೌಂಡ್ ಬಾಕ್ಸಿನ ಭಾರ ನೂರು ಗ್ರಾಮಿಗೂ ಹೆಚ್ಚು. ಆ ಭಾರದ ಕೆಳಗೆ ಮೊಂಡ ಪಿನ್ನು ಎಷ್ಟು ಸಲ ಆ ಗೆರೆಗಳ ಮೇಲೆ ಉತ್ತಿದೆಯೋ ದೇವರಿಗೇ ಗೊತ್ತು.

*

1956ರ ನವೆಂಬರ್ 1ರ ವರೆಗೆ ಧಾರವಾಡ, ಬಿಜಾಪುರ, ಬೆಳಗಾವಿ, ಕಾರವಾರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. ಕೋರ್ಟಿನ ಕೊನೆಯ ಮೆಟ್ಟಿಲು ಮುಂಬಯಿ, ಬಹುಕಾಲ ವಿಶ್ವವಿದ್ಯಾಲಯವೂ ಮುಂಬಯಿಯದೇ, ರೆಕಾರ್ಡಿಂಗೂ ಮುಂಬಯಿ. ಹುಬ್ಬಳ್ಳಿಯಿಂದ ಪುಣೆಯ ತನಕ ಮೀಟರ್ ಗೇಜ್ ಗಾಡಿ, ಪುಣೆಯಲ್ಲಿ ಇಳಿದು ಘಾಟ್ ಇಳಿಯುವ ದೊಡ್ಡ ಗಾಡಿ. ಆ ಗಾಡಿ ಕಲ್ಯಾಣ, ಠಾಣೆ ದಾಟಿಯೇ ಮುಂಬಯಿ ಸೇರಬೇಕು. ಈಗ ನಾವು ಲೋಕಲ್ ಹಿಡಿಯುವ ಇದೇ ಪ್ಲಾಟ್‌ಫಾರ್ಮುಗಳ ಪಕ್ಕದಿಂದ ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿಯವರು, ಭೀಮಸೇನ ಜೋಶಿಯವರು ಹಾದುಹೋಗಿದ್ದಾರೆ.

1930ರ ದಶಕದಲ್ಲಿ ಮನಸೂರರ ಗೌಡ ಮಲ್ಹಾರ ಮತ್ತು ಅಡಾಣಾ ಇದ್ದ ತಟ್ಟೆ ಎಚ್‌ಎಂವಿಯಿಂದ ಬಂತು. 1935ರ ಹೊತ್ತಿಗೆ ಅವರು ಮುಂಬಯಿಯಲ್ಲಿ ಮಂಜಿ ಖಾನರ ಹತ್ತಿರ ಜೈಪುರ ಘರಾಣೆಯ ಪಾಠಕ್ಕೆ ಕೂತರು. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಮರುಳಾಗಿ ಭೀಮಸೇನರು ಬಾಲ್ಯದಲ್ಲೇ ಮನೆ ಬಿಟ್ಟ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 1940ರ ದಶಕದಲ್ಲಿ ಅವರೂ ಮುಂಬಯಿಗೆ ಬಂದು ರೇಡಿಯೋದಲ್ಲಿ ಹಾಡಿದರು. 1938ರಿಂದ ಮುಂಬಯಿಯ ಎಚ್‌ಎಂವಿಯಲ್ಲಿ ರೆಕಾರ್ಡಿಂಗ್ ನೋಡಿಕೊಂಡ ಜಿ.ಎನ್. ಜೋಶಿಯವರು ಈ ಗಾಯಕರ ಜೊತೆ ಕಳೆದ ದಿನಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಗಂಗೂಬಾಯಿಯವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. 1930ರ ದಶಕದ ಮೊದಲ ಭಾಗದಲ್ಲೇ ಎಚ್‌ಎಂವಿಗೆ ಹಾಡಿದರು. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಆ ತಟ್ಟೆಗಳ ಮೇಲೆ ಅಚ್ಚಾದ ಹೆಸರು 'ಗಾಂಧಾರಿ', ಜೊತೆಗೆ ಊರಿನ ಹೆಸರು. ಅಂದರೆ ನಮ್ಮಜ್ಜಿ ಹೇಳಿದ್ದು ಹೆಸರಿನ ಮಟ್ಟಿಗಂತೂ ಸರಿ. ಸವಾಯಿ ಗಂಧರ್ವರ ಹತ್ತಿರ ಕಲಿಯಲು ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ್ದು ಅದಾದ ಮೇಲಿನ ಮಾತು. 1940ರ ದಶಕದಲ್ಲಿ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾಯಿತು. ಆಮೇಲೆ ಅವರ ದನಿಯೇ ಬದಲಾಗಿ ಗಂಭೀರವಾಯಿತು, ಗಂಡುದನಿ ಎನ್ನುವಷ್ಟು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಅಪ್ಪ ರೇಡಿಯೋದಲ್ಲಿ ಕೇಳಿದ್ದೆಲ್ಲ ಎರಡನೆಯ ದನಿ. ಅಜ್ಜಿ ಹುಡುಗಿಯಾಗಿದ್ದಾಗ ಹುಬ್ಬಳ್ಳಿಯ ಯಾರದೋ ಮನೆಯ ಪಡಸಾಲೆಯಲ್ಲಿ ಕೇಳಿದ್ದು ಮೊದಲನೆಯ ದನಿ.

ಈ ವಿಷಯವನ್ನು ನಾನು ಅಪ್ಪನಿಗೆ ಕೂಡಲೇ ಹೇಳಬಹುದಿತ್ತು. ಹೇಳಲಿಲ್ಲ. ತಟ್ಟೆಯ ಬಾಯಿಂದಲೇ ಕೇಳಲಿ ಎನಿಸಿತು. ಅದಕ್ಕೆ ಒಳ್ಳೆಯ ಮುಳ್ಳು ಬೇಕು ಎಂದು ಹಟ ಹಿಡಿದೆ.

*

ಈಗ ಮುಳ್ಳಿನ ಕಥೆ. ಮೊದಲ ಸುಮಾರು ಐವತ್ತು ವರ್ಷ ರೆಕಾರ್ಡಿಂಗಿನಲ್ಲಿ ವಿದ್ಯುತ್ತೇ ಇರಲಿಲ್ಲ. ಹಾಡುವವರು ತುತ್ತೂರಿಯ ಬಾಯಿಗೆ ಮುಖವಿಟ್ಟು ಕೂಗಬೇಕಿತ್ತು. 1925ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ವಿದ್ಯುತ್ ಪದ್ಧತಿ ಬಂತು: ಮೈಕು, ಆಂಪ್ಲಿಫೈಯರು, ಮೇಣದ ಮೇಲೆ ಗೆರೆ ಕೊರೆಯುವ ವಿದ್ಯುತ್ ಕಟ್ಟರು. ಪ್ರತಿ ತಟ್ಟೆಗೂ ಆ ಕಂಪನಿಗೆ ರಾಯಲ್ಟಿ ಕೊಡಬೇಕಿತ್ತು. ಅದನ್ನು ತಪ್ಪಿಸಲು ಲಂಡನ್ನಿನ ಕೊಲಂಬಿಯಾ ಕಂಪನಿ ಅಲನ್ ಬ್ಲಮ್ಲೈನ್ ಎಂಬ ತರುಣ ಇಂಜಿನಿಯರನನ್ನು ಕೆಲಸಕ್ಕೆ ಇಟ್ಟುಕೊಂಡಿತು. ಅವನು ಮಾಡಿದ ಕಟ್ಟರಿನಲ್ಲಿ ಆಯಸ್ಕಾಂತದ ನಡುವೆ ಅಲುಗಾಡುವುದು ತಂತಿಯ ಸುರುಳಿ. ಇದೇ ಮೂವಿಂಗ್ ಕಾಯಿಲ್. 1931ರಲ್ಲಿ ಕೊಲಂಬಿಯಾ ಮತ್ತು ಗ್ರಾಮೋಫೋನ್ ಕಂಪನಿ ಒಂದಾಗಿ ಇಎಂಐ ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ಲಮ್ಲೈನ್ ಒಂದೇ ಗೆರೆಯಲ್ಲಿ ಎಡ–ಬಲ ಎರಡೂ ದನಿಗಳನ್ನಿಡುವ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದ. 1942ರಲ್ಲಿ ರೇಡಾರ್ ಪ್ರಯೋಗದ ವಿಮಾನ ಬಿದ್ದು ಸತ್ತಾಗ ಅವನಿಗೆ ಮೂವತ್ತೆಂಟು. ಅವನ ಸ್ಟೀರಿಯೋ ತಟ್ಟೆ ಅಂಗಡಿಗೆ ಬರಲು 1950ರ ದಶಕದ ಕೊನೆಯೇ ಬೇಕಾಯಿತು.

ಕೊರೆಯಲು ಬಳಸಿದ ತತ್ವವನ್ನೇ ಓದಲು ಬಳಸಿದರೆ ಅದು ಮೂವಿಂಗ್ ಕಾಯಿಲ್ ಕಾರ್ಟ್ರಿಜ್. ಕೋಪನ್‌ಹೇಗನ್ನಿನ ಆರ್ಟೊಫೋನ್ 1918ರಲ್ಲಿ ಸಿನಿಮಾ ದನಿಯ ಪ್ರಯೋಗಕ್ಕೆಂದು ಹುಟ್ಟಿದ ಕಂಪನಿ. ಅದು 1948ರಲ್ಲಿ ಮೋನೋ ಮೂವಿಂಗ್ ಕಾಯಿಲನ್ನೂ, 1959ರಲ್ಲಿ ಎಸ್‌ಪಿಯು ಎಂಬ ಸ್ಟೀರಿಯೋ ಮೂವಿಂಗ್ ಕಾಯಿಲನ್ನೂ ಹೊರತಂದಿತು. ಜಪಾನಿನಲ್ಲಿ ಡೆನಾನ್ ಕಂಪನಿ ಎನ್‌ಎಚ್‌ಕೆ ರೇಡಿಯೋ ಜೊತೆ ಸೇರಿ 1960ರ ದಶಕದ ಆರಂಭದಲ್ಲಿ ಡಿಎಲ್–103 ಮಾಡಿತು. ರೇಡಿಯೋ ಕೇಂದ್ರದಲ್ಲಿ ದಿನವಿಡೀ ದುಡಿಯಬೇಕು, ಕೈಕೊಡಬಾರದು, ಒಂದು ಪೀಸಿಗೂ ಇನ್ನೊಂದಕ್ಕೂ ದನಿಯಲ್ಲಿ ವ್ಯತ್ಯಾಸ ಇರಬಾರದು ಎಂಬುದು ಬೇಡಿಕೆ. ಆ ಕಾರ್ಟ್ರಿಜ್ ಈಗಲೂ ತಯಾರಾಗುತ್ತಿದೆ.

ನಮ್ಮ ಮನೆಗಳಲ್ಲಿ ಇವು ಯಾವುವೂ ಇರಲಿಲ್ಲ. 1960–70ರ ದಶಕದಲ್ಲಿ ಮಧ್ಯಮ ವರ್ಗದ ಮನೆಗೆ ಬಂದದ್ದು ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರು, ಅದರಲ್ಲಿ ಸೆರಾಮಿಕ್ ಕಾರ್ಟ್ರಿಜ್. ಅದಕ್ಕೂ ಮೊದಲಿನ ಕ್ರಿಸ್ಟಲ್ ಕಾರ್ಟ್ರಿಜ್ ರೋಶೆಲ್ ಲವಣದ ಹರಳಿನಿಂದ ಮಾಡಿದ್ದು. ನೀರಿನಲ್ಲಿ ಕರಗುವ ಹರಳು ಅದು. ಮುಂಬಯಿಯ ಮಳೆಗಾಲದ ತೇವಕ್ಕೆ ಅದರ ಗತಿ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಸೆರಾಮಿಕ್ ತೇವಕ್ಕೆ ಹೆದರುವುದಿಲ್ಲ. ಆದರೆ ತಟ್ಟೆಯ ಮೇಲೆ ಐದಾರು ಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾರ ಹಾಕುತ್ತದೆ. ಅಪ್ಪನ ಎಲ್‌ಪಿಗಳೆಲ್ಲ ಅಂಥ ಪೆಟ್ಟಿಗೆಯಲ್ಲಿ ಸವೆದವು. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆ ಕ್ಯಾಸೆಟ್ಟಿಗೆ ಇಳಿದದ್ದು ಅಲ್ಲಿಂದ. ನಮ್ಮ ಮನೆಯ ಫಿಯೆಸ್ಟಾ ಕೂಡ ಕೆಲವೇ ವರ್ಷಗಳಲ್ಲಿ ಕಪಾಟಿನ ತಲೆಯ ಮೇಲೇರಿತು.

*

ಆಯ್ಕೆಯ ಲೆಕ್ಕ ಹೀಗಿದೆ. ಸಾಮಾನ್ಯವಾಗಿ ಸಿಗುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲಿ ಮುಳ್ಳಿನ ಕಡ್ಡಿಯ ಹಿಂದೆ ಪುಟ್ಟ ಆಯಸ್ಕಾಂತ ಅಲುಗುತ್ತದೆ, ಸುರುಳಿ ನಿಂತಿರುತ್ತದೆ. ಸುರುಳಿಗೆ ಬೇಕಾದಷ್ಟು ಸುತ್ತು ಹಾಕಬಹುದು. ಅದಕ್ಕೇ 3ರಿಂದ 5 ಮಿಲಿವೋಲ್ಟ್ ಬರುತ್ತದೆ. ಮುಳ್ಳು ಸವೆದರೆ ಮನೆಯಲ್ಲೇ ಎಳೆದು ಹೊಸದು ಸಿಕ್ಕಿಸಬಹುದು. ಮೂವಿಂಗ್ ಕಾಯಿಲ್‌ನಲ್ಲಿ ಅಲುಗುವುದೇ ಸುರುಳಿ. ಅದು ಹಗುರಾಗಿರಬೇಕು, ಆದ್ದರಿಂದ ಕೂದಲಿಗಿಂತ ತೆಳುವಾದ ತಂತಿಯ ಕೆಲವೇ ಸುತ್ತು. ಹಗುರಾದ್ದರಿಂದ ಗೆರೆಯ ಸಣ್ಣ ಕೊಂಕುಗಳನ್ನೂ ಚುರುಕಾಗಿ ಹಿಂಬಾಲಿಸುತ್ತದೆ. ಆದರೆ ಹೊರಬರುವುದು 0.2ರಿಂದ 0.5 ಮಿಲಿವೋಲ್ಟ್ ಮಾತ್ರ. ಮ್ಯಾಗ್ನೆಟ್ಟಿಗೆ 40 ಡೆಸಿಬೆಲ್, ಎಂದರೆ ನೂರು ಪಟ್ಟು ಹಿಗ್ಗಿಸಿದರೆ ಸಾಕು. ಕಾಯಿಲ್ಲಿಗೆ 60 ಡೆಸಿಬೆಲ್, ಸಾವಿರ ಪಟ್ಟು ಬೇಕು. ಮುಳ್ಳು ಸವೆದರೆ ಮನೆಯಲ್ಲಿ ಬದಲಿಸುವಂತಿಲ್ಲ, ಕಾರ್ಟ್ರಿಜ್ಜನ್ನೇ ಕಳಿಸಬೇಕು.

ಎರಡನೆಯದು ಆರ್ಮಿನ ಹೊಂದಾಣಿಕೆ. ಆರ್ಮು ಮತ್ತು ಕಾರ್ಟ್ರಿಜ್ ಸೇರಿ ಒಂದು ತೊಟ್ಟಿಲಿದ್ದಂತೆ, ಅದಕ್ಕೆ ತನ್ನದೇ ತೂಗುವ ಲಯವಿದೆ. ಆ ಲಯ ಸೆಕೆಂಡಿಗೆ 8ರಿಂದ 12 ಸಲ ಇದ್ದರೆ ಒಳ್ಳೆಯದು. ಅದಕ್ಕಿಂತ ಕಡಿಮೆಯಾದರೆ ಸೊಟ್ಟ ತಟ್ಟೆಯ ಏರಿಳಿತಕ್ಕೆ ಆರ್ಮು ಕುಣಿಯುತ್ತದೆ. ಹೆಚ್ಚಾದರೆ ಸಂಗೀತದ ಕೆಳಸ್ವರಗಳಿಗೆ ತಾಗುತ್ತದೆ. ನನ್ನ ಆರ್ಮಿನ ಭಾರ 12 ಗ್ರಾಂ, ಡಿಎಲ್–103ರದು 8.5, ತಿರುಪು 1: ಒಟ್ಟು 21.5. ಡೆನಾನ್ ಕೊಡುವ ಕಂಪ್ಲಯನ್ಸ್, ಎಂದರೆ ಮುಳ್ಳಿನ ಕಡ್ಡಿಯ ಮೆತುತನದ ಅಂಕಿ 5. ಆದರೆ ಜಪಾನಿನವರು ಅದನ್ನು 100 ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. 10 ಹರ್ಟ್ಸ್‌ಗೆ ಒಂದೂವರೆಯಿಂದ ಎರಡು ಪಟ್ಟು ಹಿಡಿಯಬೇಕು. 10 ಎಂದುಕೊಂಡರೆ 21.5 ಗುಣಿಸು 10, ಅದರ ವರ್ಗಮೂಲದಿಂದ 159ನ್ನು ಭಾಗಿಸಿದರೆ ಸುಮಾರು 10.8. ಒಂದೂವರೆ ಪಟ್ಟು ಹಿಡಿದರೆ 12.5. ನಡೆಯುತ್ತದೆ. ಇದೇ ಆರ್ಮಿಗೆ 6 ಗ್ರಾಮಿನ, ಮೆತುತನ 30 ಇರುವ ಕಾರ್ಟ್ರಿಜ್ ಹಾಕಿದರೆ 6.7ಕ್ಕೆ ಇಳಿಯುತ್ತದೆ. ದುಬಾರಿಯಾದದ್ದು ಎಂಬ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ, ಆರ್ಮಿಗೆ ಒಪ್ಪಬೇಕು.

ಮೂರನೆಯದು ವಜ್ರದ ತುದಿಯ ಆಕಾರ. ಇದನ್ನು ತೀರ್ಮಾನಿಸಲು ಅಪ್ಪನ ಮನಸೂರರ ಎಲ್‌ಪಿ ಹಿಡಿದುಕೊಂಡು ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿರುವ ಸಹೋದ್ಯೋಗಿಯ ಮನೆಗೆ ಹೋದೆ. ಅವರ ಹತ್ತಿರ ಎರಡು ಮೂವಿಂಗ್ ಕಾಯಿಲ್: ಒಂದು ಡಿಎಲ್–103, ಗುಂಡನೆಯ ತುದಿಯದು; ಇನ್ನೊಂದಕ್ಕೆ ಅದರ ನಾಲ್ಕು ಪಟ್ಟು ಬೆಲೆ, ಅಲಗಿನಂಥ ಸಣ್ಣ ತುದಿ. ಸಣ್ಣ ತುದಿ ಹಾಕಿದಾಗ ತಂಬೂರಿ ಕಣ್ಣಮುಂದೆ ಬಂತು, ಹಾಡಿನ ನಡುವೆ ಮನಸೂರರು ಉಸಿರು ತೆಗೆದುಕೊಳ್ಳುವುದು ಕೇಳಿತು. ಜೊತೆಗೆ ನಮ್ಮ ಮನೆಯ ಫಿಯೆಸ್ಟಾ ಇಪ್ಪತ್ತು ವರ್ಷ ಮಾಡಿದ ಗಾಯವೂ ಅಷ್ಟೇ ಸ್ಪಷ್ಟವಾಗಿ ಕೇಳಿತು. ಗುಂಡು ತುದಿಯಲ್ಲಿ ಉಸಿರು ಸ್ವಲ್ಪ ಹಿಂದೆ ಸರಿಯಿತು, ಗಾಯವೂ ಸರಿಯಿತು, ದನಿ ಮಾತ್ರ ತುಂಬಿಕೊಂಡು ನಿಂತಿತು. ಬೇರೆಯವರ ತಟ್ಟೆಯಲ್ಲಿ ಇದು ತಿರುಗುಮುರುಗಾಗಬಹುದು. ಹಳೆಯ ಮುಳ್ಳು ಮುಟ್ಟದ ಜಾಗವನ್ನು ಸಣ್ಣ ತುದಿ ಮುಟ್ಟಿ ಹೊಸ ತಟ್ಟೆಯಂತೆ ಕೇಳಿಸುವುದೂ ಉಂಟು. ಆದ್ದರಿಂದ ನಿಮ್ಮ ಸ್ವಂತ ತಟ್ಟೆಯನ್ನೇ ಒಯ್ದು ಕೇಳಿ ಎಂದಷ್ಟೇ ಹೇಳುತ್ತೇನೆ.

ಡಿಎಲ್–103 ಕೊಂಡೆ. ಹಣ ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಹೆಚ್ಚೇ ಆಯಿತು. ಹೆಂಡತಿಗೆ ಪೂರ್ತಿ ಲೆಕ್ಕ ಹೇಳಲಿಲ್ಲ. ಈ ಲೇಖನ ಓದಿದರೆ ಗೊತ್ತಾಗುತ್ತದೆ.

ಡೊಂಬಿವಲಿಯ ಮನೆಯಲ್ಲಿ ಜೋಡಿಸಿದಾಗ ಮೊದಲು ಕೇಳಿದ್ದು ಗುಂಯ್ ಎಂಬ ಶಬ್ದ. ಎಲ್‌ಪಿ ಕೊರೆಯುವಾಗ ಕೆಳಸ್ವರಗಳನ್ನು ತಗ್ಗಿಸಿ ಮೇಲಿನವನ್ನು ಎತ್ತುತ್ತಾರೆ. 1954ರಿಂದ ಇದಕ್ಕೆ ಆರ್‌ಐಎಎ ಎಂಬ ಒಂದೇ ಅಳತೆ. ಕೇಳುವಾಗ ಇದನ್ನು ತಿರುಗಿಸಬೇಕು. 20 ಹರ್ಟ್ಸ್ ಹತ್ತಿರ 19 ಡೆಸಿಬೆಲ್‌ಗಿಂತ ಹೆಚ್ಚು ಎತ್ತಬೇಕು. ಸಾವಿರ ಪಟ್ಟು ಹಿಗ್ಗಿಸುವಾಗ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಕಾರವೂ ಅದರ ಜೊತೆ ಎದ್ದು ಬರುತ್ತದೆ. ಎರಡು ರವಿವಾರ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಅರ್ಥ್ ತಂತಿಯನ್ನು ನಾನೇ ಸರಿಯಾಗಿ ಬಿಗಿದಿರಲಿಲ್ಲ, ವೈಫೈ ಅಡಾಪ್ಟರು ಕಾರ್ಟ್ರಿಜ್ಜಿನ ಪಕ್ಕದಲ್ಲೇ ಕೂತಿತ್ತು.

*

ಮನಸೂರರ ಎಲ್‌ಪಿ ಚೆನ್ನಾಗಿ ಹಾಡಿತು. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಾನು ಉತ್ಸಾಹದಿಂದ ಗಾಂಧಾರಿಯ ತಟ್ಟೆ ತಂದೆ. ವೇಗವನ್ನು 78ಕ್ಕೆ ತಿರುಗಿಸಿ ಇದೇ ಮುಳ್ಳು ಇಟ್ಟೆ.

ಬಂದದ್ದು ಜೋರುಮಳೆ ತಗಡಿನ ಮೇಲೆ ಬಿದ್ದ ಶಬ್ದ. ಅದರ ಹಿಂದೆ ಎಲ್ಲೋ ಒಂದು ಎಳೆ ದನಿ, ಮುಳುಗಿ ಏಳುತ್ತಿತ್ತು. ಅಪ್ಪ ಕೈ ಎತ್ತಿ, "ಬಿಡು ತಮ್ಮಾ, ಸತ್ತುಹೋಗ್ಯದ ಅದು" ಎಂದರು.

ಇಷ್ಟೆಲ್ಲ ಚರಿತ್ರೆ ಓದಿದವನು ಅತಿ ಸರಳವಾದದ್ದನ್ನೇ ಮರೆತಿದ್ದೆ. 78ರ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಡಿಎಲ್–103ರ ತುದಿ 16.5 ಮೈಕ್ರಾನ್; 78ಕ್ಕೆ 65ರಿಂದ 76 ಮೈಕ್ರಾನಿನ ತುದಿ ಬೇಕು. ಸಣ್ಣ ಮುಳ್ಳು ಗೋಡೆಗಳನ್ನು ಮುಟ್ಟುವುದೇ ಇಲ್ಲ, ತಳಕ್ಕೆ ಬಿದ್ದು ಕಲ್ಲಿನ ಪುಡಿ, ಧೂಳುಗಳ ಮೇಲೆ ತೆವಳುತ್ತದೆ. ದನಿ ಇರುವುದು ಗೋಡೆಯಲ್ಲಿ. ಅಪ್ಪ ಸತ್ತಿದೆ ಎಂದ ತಟ್ಟೆ ಸತ್ತಿರಲಿಲ್ಲ, ನನ್ನ ಮುಳ್ಳು ಅದನ್ನು ಓದುತ್ತಲೇ ಇರಲಿಲ್ಲ. ವಜ್ರಕ್ಕೂ ಅಪಾಯ, ತಟ್ಟೆಗೂ ಅಪಾಯ. ಅರ್ಧ ನಿಮಿಷದಲ್ಲೇ ಎತ್ತಿದ್ದು ಪುಣ್ಯ.

78ಕ್ಕೆಂದೇ ಆರ್ಟೊಫೋನ್ ಮೂವಿಂಗ್ ಕಾಯಿಲ್ ಮಾಡುತ್ತದೆ, 65 ಮೈಕ್ರಾನಿನದು. ಬೆಲೆ ನೋಡಿ ಪುಟ ಮುಚ್ಚಿದೆ. ಡೊಂಬಿವಲಿ ಕರ್ನಾಟಕ ಸಂಘದ ಕಾರ್ಯಕ್ರಮವೊಂದರಲ್ಲಿ ಸಿಕ್ಕ ಹಿರಿಯರೊಬ್ಬರು, ಮೊದಲು ಮಾಟುಂಗದಲ್ಲಿದ್ದವರು, ಚೋರ್ ಬಜಾರಿನಲ್ಲಿ ಎಷ್ಟೋ ವರ್ಷ ಪ್ಲೇಟು ಆರಿಸಿದವರು, ನಕ್ಕರು. "ಅಲ್ರೀ, ಅದು ಮೋನೋ. ಮೂರು ನಿಮಿಷದ ಹಾಡು. ಅದಕ್ಕ್ಯಾಕೆ ಕಾಯಿಲು? 78ರ ಮುಳ್ಳಿರುವ ಸಾದಾ ಮ್ಯಾಗ್ನೆಟ್ ತೊಗೊಳ್ಳಿ. ಮೊದಲು ಪ್ಲೇಟು ತೊಳೀರಿ. ಸ್ಪಿರಿಟ್ ಗಿರಿಟ್ ಹಾಕಬ್ಯಾಡ್ರಿ ಮತ್ತೆ."

ಅವರ ಕೊನೆಯ ಮಾತು ಚಿನ್ನದಂಥದ್ದು. ಎಲ್‌ಪಿ ತೊಳೆಯುವ ದ್ರವಗಳಲ್ಲಿ ಆಲ್ಕೋಹಾಲ್ ಇರುತ್ತದೆ. ವಿನೈಲಿಗೆ ಅದು ನಡೆದೀತು. ಆದರೆ ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ನನ್ನ ಹತ್ತಿರ ಅಂಥದೊಂದು ಬಾಟಲಿ ಇತ್ತು, ಮರುದಿನ ಬಳಸುವವನಿದ್ದೆ. ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಮೆದು ಸೋಪು ಹಾಕಿ, ಲೇಬಲ್ ನೆನೆಯದಂತೆ ತೊಳೆದು, ಮತ್ತೆ ಬರೀ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒರೆಸಿ ಒಣಗಿಸಿದೆ. ಆಡಿಯೋ–ಟೆಕ್ನಿಕಾದ 78ರ ಮುಳ್ಳಿನ ಮ್ಯಾಗ್ನೆಟ್ ಕಾರ್ಟ್ರಿಜ್ ಬಂತು. ಬೆಲೆ ಡಿಎಲ್–103ರ ಎದುರು ಏನೂ ಅಲ್ಲ. ನನ್ನ ಆರ್ಮಿನ ಹೆಡ್‌ಶೆಲ್ ಬಿಚ್ಚಿ ಹಾಕಬಹುದಾದ್ದು. ಒಂದರಲ್ಲಿ ಕಾಯಿಲ್, ಇನ್ನೊಂದರಲ್ಲಿ ಇದು. ಭಾರವನ್ನು 2.5 ಗ್ರಾಮಿನಿಂದ 5 ಗ್ರಾಮಿಗೆ ಏರಿಸಿ, ಫೋನೋ ಪೆಟ್ಟಿಗೆಯನ್ನು ಮ್ಯಾಗ್ನೆಟ್ಟಿಗೆ ತಿರುಗಿಸಿ, ಮೋನೋ ಗುಂಡಿ ಒತ್ತಿದರೆ ಮುಗಿಯಿತು.

ರವಿವಾರ ಮುಂಜಾನೆ ಇಟ್ಟೆ. ಸರಸರ ಇತ್ತು, ಆದರೆ ಈ ಸಲ ಮಳೆ ಕಿಟಕಿಯ ಹೊರಗೆ ನಿಂತಿತ್ತು. ಒಳಗೆ ದನಿ. ತೆಳುವಾದ, ಚೂಪಾದ, ಎತ್ತರಕ್ಕೆ ಹತ್ತಿ ಅಲ್ಲೇ ನಿಂತು ನೋಡುವ ಹುಡುಗಿಯ ದನಿ. ಮೂರು ನಿಮಿಷದಲ್ಲಿ ಮುಗಿಯಿತು. ಅಪ್ಪ ಮಾತಾಡಲಿಲ್ಲ. "ಮತ್ತೊಮ್ಮೆ ಹಚ್ಚು" ಎಂದರು. ಹಚ್ಚಿದೆ. ಆಗ ನಾನು ಟಾನ್ಸಿಲ್ಲಿನ ಸಂಗತಿ ಹೇಳಿದೆ, ದನಿ ಬದಲಾದದ್ದನ್ನು ಹೇಳಿದೆ. ಮೊದಲ ದನಿ ಕೇಳಬೇಕೆಂದರೆ ಇಂಥ ಹಳೆಯ ತಟ್ಟೆಗಳನ್ನೇ ಕೇಳಬೇಕು ಎಂದೆ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಅವ್ವ ಆ ದನಿ ಕೇಳಿದ್ಲು. ನಾ ಕೇಳಿರಲಿಲ್ಲ. ಅಷ್ಟ ಇತ್ತು ವಿಷಯ" ಎಂದರು.

*

2024ರಲ್ಲಿ ನಮ್ಮ ಈ ಮುಂಬಯಿ ಸೀಮೆಯಲ್ಲೇ, ದಶಕಗಳ ನಂತರ, ಮತ್ತೆ ವಿನೈಲ್ ಒತ್ತುವ ಕಾರ್ಖಾನೆ ಶುರುವಾಗಿದೆ. ಹೊಸಬರು ಟರ್ನ್‌ಟೇಬಲ್ ಕೊಳ್ಳುತ್ತಿದ್ದಾರೆ, ಒಳ್ಳೆಯದೇ. ಹೊಸ ಎಲ್‌ಪಿಗಾಗಿ ಯಾರಾದರೂ ಕೇಳಿದರೆ, ಮೊದಲು ಒಳ್ಳೆಯ ಮ್ಯಾಗ್ನೆಟ್ಟಿನಿಂದ ಶುರು ಮಾಡಿ, ಕಿವಿ ಇನ್ನೂ ಬೇಕು ಎಂದಾಗ ಆರ್ಮಿನ ಭಾರ ನೋಡಿಕೊಂಡು ಕಾಯಿಲ್ಲಿಗೆ ಹೋಗಿ ಎನ್ನುತ್ತೇನೆ. ಡಿಎಲ್–103 ಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ದಿನವೂ ರಾತ್ರಿ ಅಪ್ಪ ಒಂದು ಮಗ್ಗುಲು ಕೇಳಿಯೇ ಮಲಗುತ್ತಾರೆ. ಆದರೆ ಯಾವ ತಟ್ಟೆಗಾಗಿ ಅದನ್ನು ಕೊಂಡೆನೋ ಆ ತಟ್ಟೆಗೆ ಅದು ಬೇಕಾಗಿರಲಿಲ್ಲ.

ಊರಿನ ಅಟ್ಟದ ಮೇಲೆ ನಿಮ್ಮ ಮನೆಯದೂ ಒಂದು ಟ್ರಂಕು ಇರಬಹುದು. ಮನೆ ಮಾರುವ ಮೊದಲು ತೆಗೆದು ನೋಡಿ. 78ರ ತಟ್ಟೆಯನ್ನು ಅಂಚಿನಲ್ಲಿ ಹಿಡಿಯಿರಿ, ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡಬೇಡಿ, ಬೂಷ್ಟು ಹಿಡಿಯುತ್ತದೆ. ಸ್ಪಿರಿಟ್ ಮುಟ್ಟಿಸಬೇಡಿ. ಸರಿಯಾದ ಮುಳ್ಳಿಲ್ಲದೆ ಕೇಳುವ ಆತುರ ಬೇಡ. ಕೇಳಿದ ದಿನವೇ ಕಂಪ್ಯೂಟರಿಗೂ ಇಳಿಸಿಟ್ಟುಕೊಳ್ಳಿ. ಲೇಬಲ್ಲಿನ ಮೇಲೆ ಪರಿಚಯವಿಲ್ಲದ ಹೆಸರಿದ್ದರೆ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ.

ಅವತ್ತು ಮಧ್ಯಾಹ್ನ ಅಪ್ಪ ಧಾರವಾಡದಲ್ಲಿರುವ ನಮ್ಮ ಸೋದರತ್ತೆಗೆ ಫೋನ್ ಮಾಡಿದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದೆ. ಆರೋಗ್ಯ, ಮಳೆ, ಮೊಮ್ಮಕ್ಕಳ ವಿಚಾರವೆಲ್ಲ ಆದ ಮೇಲೆ ಅಪ್ಪನ ದನಿ ಕೇಳಿತು:

"ಅಕ್ಕಾ, ಆ ಪ್ಲೇಟು ನೆನಪದ ಏನು? ಹೌದು, ಗಾಂಧಾರಿದು. ಅವ್ವ ಹೇಳಿದ್ದು ಖರೇ ಇತ್ತು."